ದಂತ ಕ್ಲಿನಿಕ್‌ನ ಗಾಳಿಯಲ್ಲಿ ಸೂಕ್ಷ್ಮಜೀವಿಗಳು: ಅಳೆಯುವುದು, ಇಳಿಸುವುದು, ಮತ್ತೆ ಅಳೆಯುವುದು

ಫಾಗಿಂಗ್ (ಸೋಂಕುನಾಶಕದ ಮಂಜು ಸಿಂಪಡಣೆ) ಮಾಡಿಸಿದ್ದಾಯಿತು, ಗೋಡೆಗೆ ಯುವಿ ದೀಪ ಹಾಕಿಸಿದ್ದಾಯಿತು, ಮೂಲೆಗೊಂದು ಏರ್ ಪ್ಯೂರಿಫೈಯರ್ ಕೂಡ ಬಂತು. ಆದರೂ ಲ್ಯಾಬ್‌ಗೆ ಕಳಿಸಿದ ಪ್ಲೇಟಿನ ತುಂಬ ಕಾಲೊನಿಗಳೇ, ಅಂದರೆ ಗಾಳಿಯಿಂದ ಬಿದ್ದ ಸೂಕ್ಷ್ಮಜೀವಿಗಳು ಬೆಳೆದ ಚುಕ್ಕೆಗಳೇ. ಒಂದೆರಡು ಚೇರ್ ಇರುವ ಕ್ಲಿನಿಕ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಸೋಲು ಇದು. ಬಹುತೇಕ ಕಡೆ ಕಾರಣ ಒಂದೇ: ಕೆಲಸ ಬುಡದಿಂದ ಶುರುವಾಗಿಲ್ಲ. ಸೂಕ್ಷ್ಮಜೀವಿಗಳು ಹೊರಡುವುದು ರೋಗಿಯ ಬಾಯಿಂದ ಮತ್ತು ಚೇರಿನ ನೀರಿನ ಕೊಳವೆಯಿಂದ. ಅವೆರಡನ್ನೂ ಹಾಗೆಯೇ ಬಿಟ್ಟು ಕೋಣೆಗೆ ಯಂತ್ರ ತರುವುದು, ಸೂರು ಸೋರುತ್ತಿರುವಾಗ ನೆಲ ಒರೆಸಿದಂತೆ.

ಆದ್ದರಿಂದ ಇಲ್ಲಿನ ಕ್ರಮ ಹೀಗಿದೆ: ಮೊದಲು ಅಳತೆ, ಆಮೇಲೆ ನೀರು, ಬಾಯಿ, ಸಕ್ಷನ್ (ಬಾಯಿಂದ ನೀರು, ಗಾಳಿ ಎಳೆಯುವ ಕೊಳವೆ), ಕೋಣೆಯ ಗಾಳಿ, ಕಡೆಗೆ ಯಂತ್ರ. ಈ ಕ್ರಮವನ್ನು ಬದಲಿಸಬೇಡಿ.

## ಯಾವುದು ಹಾರುತ್ತದೆ, ಯಾವುದು ಬೀಳುತ್ತದೆ

50 ಮೈಕ್ರಾನ್‌ಗಿಂತ ದೊಡ್ಡ ಹನಿಗಳು ಸಿಡಿದು ಬೇಗ ಕೆಳಗೆ ಬೀಳುತ್ತವೆ. ರೋಗಿಯ ಎದೆ, ವೈದ್ಯರ ಮಾಸ್ಕ್, ಟ್ರೇ, ಚೇರಿನ ದೀಪದ ಗಾಜು, ಇವೇ ಅವು ಬೀಳುವ ಜಾಗ. ಅದಕ್ಕಿಂತ ಚಿಕ್ಕವು ಏರೋಸಾಲ್. ಅದರಲ್ಲೂ 0.5ರಿಂದ 10 ಮೈಕ್ರಾನ್ ಗಾತ್ರದವು ಬಹಳ ಹೊತ್ತು ತೇಲುತ್ತಿದ್ದು, ಉಸಿರಿನೊಂದಿಗೆ ಶ್ವಾಸಕೋಶದೊಳಕ್ಕೆ ಇಳಿಯಬಲ್ಲವು.

ಅತಿ ಹೆಚ್ಚು ಏರೋಸಾಲ್ ಎಬ್ಬಿಸುವುದು ಅಲ್ಟ್ರಾಸಾನಿಕ್ ಸ್ಕೇಲರ್, ಅಂದರೆ ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕಲ್ಮಶವನ್ನು ಕಂಪನದಿಂದ ಕೀಳುವ ಉಪಕರಣ. ಏರೋಟರ್ (ಹಲ್ಲು ಕೊರೆಯುವ ಡ್ರಿಲ್), ಏರ್ ಪಾಲಿಶರ್, ಗಾಳಿ-ನೀರಿನ ಎರಡೂ ಗುಂಡಿ ಒಟ್ಟಿಗೆ ಒತ್ತಿದ ತ್ರೀ-ವೇ ಸಿರಿಂಜ್ ಕೂಡ ಇದೇ ಸಾಲಿನವು. ಕೈಯಿಂದ ಮಾಡುವ ಸ್ಕೇಲಿಂಗ್‌ನಲ್ಲಿ ಈ ತೊಂದರೆ ಬಹಳ ಕಡಿಮೆ.

## ಹಂತ 1: ಬೇಕಾದ ಸಾಮಾನು

- 90 ಮಿ.ಮೀ. ವ್ಯಾಸದ ಬ್ಲಡ್ ಅಗಾರ್ ಪ್ಲೇಟ್‌ಗಳು (ಬ್ಯಾಕ್ಟೀರಿಯಾ ಬೆಳೆಸುವ ಆಹಾರ ತುಂಬಿದ ತಟ್ಟೆಗಳು), 11. ಮಳೆಗಾಲವಾದರೆ ಬೂಷ್ಟಿಗಾಗಿ ಸಾಬೊರೊ ಡೆಕ್ಸ್‌ಟ್ರೋಸ್ ಅಗಾರ್ ಪ್ಲೇಟ್ 2.
- ನೀರಿನ ಮಾದರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿದ ಸ್ಟೆರೈಲ್ ಬಾಟಲಿ. ಇದನ್ನು ಲ್ಯಾಬ್‌ನವರೇ ಕೊಡುತ್ತಾರೆ.
- ಎನ್‌ಡಿಐಆರ್ ಸೆನ್ಸರ್ (ಅವಗೆಂಪು ಬೆಳಕಿನಿಂದ ಅಳೆಯುವಂಥದ್ದು) ಇರುವ ಕಾರ್ಬನ್ ಡೈಆಕ್ಸೈಡ್ ಮೀಟರ್.
- ಬಾಯಿ 8 ಮಿ.ಮೀ. ಅಥವಾ ಅದಕ್ಕಿಂತ ಅಗಲವಿರುವ ಸಕ್ಷನ್ ಟಿಪ್‌ಗಳು.
- ಅಳತೆ ಟೇಪ್, ಟೈಮರ್, ಎರಡು ಊದುಬತ್ತಿ, ನೀಲಿ ಫುಡ್ ಕಲರ್.

ಪ್ಲೇಟ್ ಇಡಲು ಇನ್‌ಕ್ಯುಬೇಟರ್ ಬೇಕು. ಹತ್ತಿರದ ಡಯಾಗ್ನೋಸ್ಟಿಕ್ ಲ್ಯಾಬ್ ಅಥವಾ ಕಾಲೇಜಿನ ಮೈಕ್ರೊಬಯಾಲಜಿ ವಿಭಾಗದೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಬೆಳೆದ ಪ್ಲೇಟನ್ನು ಕ್ಲಿನಿಕ್‌ನಲ್ಲಾಗಲಿ ಮನೆಯಲ್ಲಾಗಲಿ ಇಟ್ಟುಕೊಳ್ಳುವುದು ಅಪಾಯ.

## ಹಂತ 2: ಈಗಿನ ಸ್ಥಿತಿಯನ್ನು ಅಳೆಯಿರಿ

ಯಾವ ಬದಲಾವಣೆಯನ್ನೂ ಮಾಡುವ ಮುನ್ನ ಇದು ಆಗಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ. ಮೊದಲ ಸಂಖ್ಯೆ ಇಲ್ಲದಿದ್ದರೆ ಮುಂದೆ ಯಾವುದರಿಂದ ಎಷ್ಟು ಇಳಿಯಿತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಇಲ್ಲಿ ಬಳಸುವುದು 1-1-1 ಪದ್ಧತಿ: ನೆಲದಿಂದ 1 ಮೀಟರ್ ಎತ್ತರ, ಗೋಡೆಯಿಂದ ಕನಿಷ್ಠ 1 ಮೀಟರ್ ದೂರ, 1 ಗಂಟೆ ತೆರೆದಿಡುವುದು.

1. ಮೂರು ಜಾಗ ಆರಿಸಿ: ರೋಗಿಯ ತಲೆಯಿಂದ 1 ಮೀಟರ್, ಅದೇ ಕೋಣೆಯಲ್ಲಿ 2 ಮೀಟರ್, ಮತ್ತು ರಿಸೆಪ್ಷನ್. ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಮುಂದಿನ ಸಲವೂ ಪ್ಲೇಟ್ ಅಲ್ಲೇ ಕೂರಬೇಕು.
2. ಮೂರು ಹೊತ್ತು ಇಡಿ: ಬೆಳಗ್ಗೆ ಯಾರೂ ಬರುವ ಮೊದಲು; ಸ್ಕೇಲಿಂಗ್ ಶುರುವಾದ ಕ್ಷಣದಿಂದ; ಸ್ಕೇಲಿಂಗ್ ಮುಗಿದು 30 ನಿಮಿಷವಾದ ಮೇಲೆ. ಸ್ಕೇಲಿಂಗ್ 25 ನಿಮಿಷಕ್ಕೇ ಮುಗಿದರೂ ಆ ಪ್ಲೇಟ್ ಪೂರ್ತಿ ಗಂಟೆ ತೆರೆದೇ ಇರಲಿ.
3. ಜಾಗ, ಹೊತ್ತು, ತಾರೀಖನ್ನು ಪ್ಲೇಟಿನ ತಳದ ಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾದಾಗ ಲೆಕ್ಕವೂ ಅದಲುಬದಲಾಗುತ್ತದೆ.
4. ತೆಗೆದ ಮುಚ್ಚಳವನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿದ ಜಾಗದ ಮೇಲೆ ಕವುಚಿ ಇಡಿ. ತೆರೆದ ಪ್ಲೇಟಿನ ಮೇಲೆ ಬಾಗಿ ಮಾತಾಡಬೇಡಿ.
5. ಒಂದು ಪ್ಲೇಟನ್ನು ತೆರೆಯದೆಯೇ ಉಳಿಸಿ. ಇನ್ನೊಂದನ್ನು ತೆರೆದು ತಕ್ಷಣ ಮುಚ್ಚಿ. ಈ ಎರಡರಲ್ಲಿ ಏನಾದರೂ ಬೆಳೆದರೆ ತಪ್ಪು ಅಗಾರ್‌ನದ್ದು ಅಥವಾ ನಿಮ್ಮ ಕೈಯದ್ದು. ಆ ದಿನದ ಎಲ್ಲ ಅಂಕಿಗಳನ್ನೂ ಬಿಟ್ಟುಬಿಡಿ.
6. ಬ್ಲಡ್ ಅಗಾರ್ ಪ್ಲೇಟ್‌ಗಳನ್ನು ತಲೆಕೆಳಗಾಗಿಸಿ 37 ಡಿಗ್ರಿಯಲ್ಲಿ 48 ಗಂಟೆ ಇಡಬೇಕು. ನೇರವಾಗಿ ಇಟ್ಟರೆ ಮುಚ್ಚಳದ ಬೆವರು ಹನಿದು ಕಾಲೊನಿಗಳು ಒಂದಕ್ಕೊಂದು ಹರಡಿಕೊಳ್ಳುತ್ತವೆ. ಸಾಬೊರೊ ಪ್ಲೇಟ್‌ಗೆ 25ರಿಂದ 28 ಡಿಗ್ರಿಯಲ್ಲಿ 5 ದಿನ ಬೇಕು.

ಪ್ಲೇಟ್ ಇಡುವ ದಿನ ಫ್ಯಾನ್, ಎಸಿ, ಬಾಗಿಲು ಎಲ್ಲವೂ ಎಂದಿನಂತೆಯೇ ಇರಲಿ. ಅಳೆಯುತ್ತೇವೆಂದು ಅಂದು ಮಾತ್ರ ಕಿಟಕಿ ತೆರೆದಿಟ್ಟರೆ ಬರುವುದು ನಿಮ್ಮ ಕ್ಲಿನಿಕ್‌ನ ಸಂಖ್ಯೆಯಲ್ಲ.

ಒಂದು ಗಂಟೆಯಲ್ಲಿ 90 ಮಿ.ಮೀ. ಪ್ಲೇಟಿನ ಮೇಲೆ ಬಿದ್ದು ಬೆಳೆದ ಕಾಲೊನಿಗಳ ಸಂಖ್ಯೆಯೇ ಗಾಳಿಯ ಮಾಲಿನ್ಯ ಸೂಚ್ಯಂಕ. 5ರವರೆಗೆ ಬಹಳ ಉತ್ತಮ, 25ರವರೆಗೆ ಉತ್ತಮ, 50ರವರೆಗೆ ಪರವಾಗಿಲ್ಲ, 75ರವರೆಗೆ ಕಳಪೆ, ಅದರಾಚೆ ತೀರಾ ಕಳಪೆ. ಸಾಮಾನ್ಯ ದಂತ ಕ್ಲಿನಿಕ್‌ಗೆ ಬೆಳಗಿನ ಖಾಲಿ ಕೋಣೆಯಲ್ಲಿ 25ರೊಳಗೆ, ಕೆಲಸದ ವೇಳೆ 50ರೊಳಗೆ ತರುವ ಗುರಿ ಇಟ್ಟುಕೊಳ್ಳುವುದು ನ್ಯಾಯ.

ಕಾಲೊನಿಗಳ ಸಂಖ್ಯೆಯಷ್ಟೇ ಅವುಗಳ ರೂಪವೂ ಮಾತಾಡುತ್ತದೆ. ಲ್ಯಾಬ್‌ನವರಿಂದ ಅದನ್ನೂ ಕೇಳಿ ಬರೆಸಿಕೊಳ್ಳಿ. ಸುತ್ತ ಹಸಿರು ಛಾಯೆ ಬಿಡುವ ಚಿಕ್ಕ ಚುಕ್ಕೆಗಳು ಹೆಚ್ಚಿದ್ದರೆ ಅವು ಬಾಯಿಯ ಸ್ಟ್ರೆಪ್ಟೊಕಾಕಸ್ ಇರಬಹುದು. ಸಕ್ಷನ್ ಕಡೆ ನೋಡಿ. ಬಿಳಿ, ಹಳದಿ ದುಂಡು ಕಾಲೊನಿಗಳು ಬಹುತೇಕ ಚರ್ಮ ಮತ್ತು ಧೂಳಿನವು; ಕೋಣೆಯಲ್ಲಿ ಜನ ಜಾಸ್ತಿ, ಹೊರಗಿನ ಗಾಳಿ ಕಡಿಮೆ ಎಂದರ್ಥ. ಒರಟಾಗಿ, ಬೂದು ಬಣ್ಣದಲ್ಲಿ ಹರಡಿದವು ಮಣ್ಣಿನ ಬ್ಯಾಸಿಲಸ್ ಆಗಿರುತ್ತವೆ, ಪೊರಕೆ ಹಾಕಿದ ಗುರುತು. ನೀಲಿ-ಹಸಿರು ಬಣ್ಣ ಬಿಡುವ ಸ್ಯೂಡೊಮೊನಾಸ್ ಕಂಡರೆ ಮೊದಲು ಚೇರಿನ ನೀರನ್ನು ಶಂಕಿಸಿ. ಹತ್ತಿಯಂತೆ ಉಬ್ಬಿದ ಬೂಷ್ಟು ಎಸಿಯಿಂದಲೋ ಒದ್ದೆ ಗೋಡೆಯಿಂದಲೋ ಬಂದಿರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಹೆಚ್ಚು. ಹಾಗಾಗಿ ಜುಲೈನ ಅಂಕಿಯನ್ನು ಫೆಬ್ರವರಿಯದಕ್ಕೆ ಹೋಲಿಸಬೇಡಿ.

ಪ್ಲೇಟಿನ ಮಿತಿಯೂ ಗೊತ್ತಿರಲಿ. ವೈರಸ್ ಇದರಲ್ಲಿ ಬೆಳೆಯುವುದಿಲ್ಲ. 48 ಗಂಟೆಯಲ್ಲಿ ಕ್ಷಯದ ಬ್ಯಾಸಿಲಸ್ ಕೂಡ ಕಾಣದು. ಅತಿ ಸಣ್ಣ ಕಣಗಳು ಪ್ಲೇಟಿನ ಮೇಲೆ ಇಳಿಯುವುದೇ ಕಡಿಮೆ. ಪ್ಲೇಟ್ ಚೊಕ್ಕಟ ಬಂತೆಂದು ಮಾಸ್ಕ್ ಬಿಡಬೇಡಿ.

ಎಣಿಸಿ ಮುಗಿದ ಪ್ಲೇಟ್‌ಗಳನ್ನು ಲ್ಯಾಬ್‌ನಲ್ಲೇ ಆಟೋಕ್ಲೇವ್ ಮಾಡಿಸಿ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಹಳದಿ ಚೀಲಕ್ಕೆ ಹಾಕಿಸಿ. ನಿಮ್ಮ ಉಪಕರಣಗಳ ಜೊತೆ ಒಂದೇ ಲೋಡ್‌ನಲ್ಲಿ ಎಂದೂ ಹಾಕಬೇಡಿ.

## ಹಂತ 3: ಚೇರಿನ ನೀರು

ಚೇರಿನೊಳಗಿನ ಕೊಳವೆಗಳು ಬಲು ಸಪೂರ. ರಾತ್ರಿಯಿಡೀ, ಭಾನುವಾರವಿಡೀ ನೀರು ಅಲ್ಲೇ ನಿಂತಿರುತ್ತದೆ. ಒಳಗೋಡೆಗೆ ಲೋಳೆಯಂಥ ಪದರ, ಅಂದರೆ ಬಯೋಫಿಲ್ಮ್, ಅಂಟಿಕೊಳ್ಳುತ್ತದೆ. ನೀವು ಎಷ್ಟೇ ಶುದ್ಧ ನೀರು ತುಂಬಿದರೂ ಆ ಪದರದಿಂದ ಬ್ಯಾಕ್ಟೀರಿಯಾ ಕಳಚಿಕೊಂಡು ಸ್ಕೇಲರ್‌ನ ತುದಿಯಲ್ಲಿ ಮಂಜಾಗಿ ಏಳುತ್ತವೆ. 2011ರಲ್ಲಿ ಇಟಲಿಯಲ್ಲಿ 82 ವರ್ಷದ ಮಹಿಳೆಯೊಬ್ಬರು ಲೀಜನೆಲ್ಲಾ (ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ) ಸೋಂಕಿನಿಂದ ತೀರಿಕೊಂಡಾಗ, ಅದರ ಮೂಲ ಸಿಕ್ಕಿದ್ದು ಅವರು ಹೋಗಿದ್ದ ದಂತ ಕ್ಲಿನಿಕ್‌ನ ನೀರಿನ ಕೊಳವೆಯಲ್ಲಿ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಮಿತಿ: ಶಸ್ತ್ರಚಿಕಿತ್ಸೆಯಲ್ಲದ ಕೆಲಸಕ್ಕೆ ಪ್ರತಿ ಮಿ.ಲೀ.ಗೆ 500 ಕಾಲೊನಿಗಿಂತ ಹೆಚ್ಚಿರಬಾರದು. ಹಲ್ಲು ಕೊರೆದು ತೆಗೆಯುವುದು, ಇಂಪ್ಲಾಂಟ್ ಮುಂತಾದ ಶಸ್ತ್ರಚಿಕಿತ್ಸೆಗೆ ಚೇರಿನ ನೀರೇ ಬೇಡ. ಸ್ಟೆರೈಲ್ ಸಲೈನ್ ಬೇರೆ ದಾರಿಯಿಂದ ಬರಲಿ.

1. ಮಾದರಿ ತೆಗೆಯಿರಿ. ಏರೋಟರ್, ಸ್ಕೇಲರ್, ತ್ರೀ-ವೇ ಸಿರಿಂಜ್, ಮೂರರಿಂದಲೂ ಬೇರೆ ಬೇರೆ. ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಅದೇ ದಿನ ಲ್ಯಾಬ್‌ಗೆ ಮುಟ್ಟಿಸಿ. ‘ಹೆಟೆರೊಟ್ರೋಫಿಕ್ ಪ್ಲೇಟ್ ಕೌಂಟ್’ (ನೀರಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾದ ಎಣಿಕೆ) ಬೇಕು ಎಂದು ಹೆಸರು ಹಿಡಿದೇ ಕೇಳಿ. ಸುಮ್ಮನೆ ‘ನೀರಿನ ಟೆಸ್ಟ್’ ಎಂದರೆ ಕುಡಿಯುವ ನೀರಿಗೆ ಮಾಡುವ ಕೋಲಿಫಾರ್ಮ್ ಪರೀಕ್ಷೆಯ ವರದಿ ಬರುತ್ತದೆ. ಅದು ಚರಂಡಿ ನೀರು ಬೆರೆತಿದೆಯೇ ಎಂದು ತಿಳಿಸುತ್ತದೆಯೇ ಹೊರತು ಬಯೋಫಿಲ್ಮ್ ಬಗ್ಗೆ ಏನೂ ಹೇಳದು.
2. ಓವರ್‌ಹೆಡ್ ಟ್ಯಾಂಕ್‌ನಿಂದ ನೇರ ಸಂಪರ್ಕವಿದ್ದರೆ ತಪ್ಪಿಸಿ, ಚೇರಿಗೆ ಪ್ರತ್ಯೇಕ ಬಾಟಲಿ ವ್ಯವಸ್ಥೆ ಹಾಕಿಸಿ. ಬೋರ್‌ವೆಲ್‌ನ ಗಡಸು ನೀರು ಬಿಡುವ ಸುಣ್ಣದ ಪದರ ಬಯೋಫಿಲ್ಮ್‌ಗೆ ಒಳ್ಳೆಯ ನೆಲೆ. ಡಿಸ್ಟಿಲ್ಡ್ ಅಥವಾ ಆರ್‌ಒ ನೀರು ಬಳಸಿ.
3. ಕೊಳವೆಗೆ ಶಾಕ್ ಟ್ರೀಟ್‌ಮೆಂಟ್ ಕೊಡಿ, ಅಂದರೆ ಬಯೋಫಿಲ್ಮ್ ಕೀಳುವ ಪ್ರಬಲ ಸೋಂಕುನಾಶಕ ಹಾಯಿಸಿ. ಯಾವ ದ್ರಾವಣ, ಎಷ್ಟು ಪ್ರಮಾಣ, ಎಷ್ಟು ಹೊತ್ತು ಎಂಬುದನ್ನು ಚೇರ್ ತಯಾರಕರ ಕೈಪಿಡಿಯಿಂದಲೇ ತಿಳಿದುಕೊಳ್ಳಿ. ಮನಸ್ಸಿಗೆ ತೋಚಿದಷ್ಟು ಬ್ಲೀಚ್ ಸುರಿದರೆ ಲೋಹದ ಭಾಗಗಳು ಸವೆದು, ವಾಲ್ವಿನ ರಬ್ಬರ್ ಹಾಳಾಗುತ್ತದೆ. ಮುಗಿದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಶುದ್ಧ ನೀರು ಹರಿಸಿ.
4. ದಿನವೂ ಸಂಜೆ ಬಾಟಲಿ ಖಾಲಿ ಮಾಡಿ, ಕೊಳವೆಯಲ್ಲಿ ಗಾಳಿ ಹೊಡೆದು ನೀರು ಹೊರಹಾಕಿ, ಬಾಟಲಿಯನ್ನು ಕವುಚಿ ಒಣಗಿಸಿ. ಬಾಟಲಿಯೊಳಗಿನ ಪೈಪಿಗೆ ಬರಿಗೈ ತಾಕಿಸಬೇಡಿ.
5. ಪ್ರತಿ ರೋಗಿಯ ನಂತರ 20ರಿಂದ 30 ಸೆಕೆಂಡ್ ನೀರು ಮತ್ತು ಗಾಳಿ ಹರಿಸಿ. ರೋಗಿಯ ಬಾಯಿಂದ ಒಳಕ್ಕೆ ಎಳೆದುಕೊಂಡದ್ದು ಇದರಿಂದ ಹೊರಹೋಗುತ್ತದೆ. ಆದರೆ ಬೆಳಗ್ಗೆ ಐದು ನಿಮಿಷ ನೀರು ಬಿಟ್ಟರೂ ಬಯೋಫಿಲ್ಮ್ ಕಿತ್ತುಬರುವುದಿಲ್ಲ. ಫ್ಲಶಿಂಗ್ ಮಾಡುತ್ತೇವಲ್ಲ ಎಂದು ಮೂರನೇ ಅಂಶವನ್ನು ಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಏರೋಟರ್ ನಿಲ್ಲಿಸಿದ ಮೇಲೂ ತುದಿಯಲ್ಲಿ ಹನಿ ಒಳಕ್ಕೆ ಸರಿದಂತೆ ಕಂಡರೆ ಆಂಟಿ-ರಿಟ್ರಾಕ್ಷನ್ ವಾಲ್ವ್ ಕೆಟ್ಟಿದೆ, ಅಂದೇ ಬದಲಿಸಿ. ಕಂಪ್ರೆಸರ್ ಟ್ಯಾಂಕ್‌ನ ನೀರನ್ನೂ ದಿನಕ್ಕೊಮ್ಮೆ ಬಸಿಯಿರಿ.

## ಹಂತ 4: ರೋಗಿಯ ಬಾಯಿ

ಕೆಲಸ ಶುರುಮಾಡುವ ಮುನ್ನ ರೋಗಿ ಮೌತ್‌ವಾಶ್‌ನಲ್ಲಿ ಬಾಯಿ ಮುಕ್ಕಳಿಸಲಿ: 0.2% ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ., ಪೂರ್ತಿ 60 ಸೆಕೆಂಡ್. ರೋಗಿಗಳು ಹತ್ತೇ ಸೆಕೆಂಡಿಗೆ ಉಗಿಯುತ್ತಾರೆ, ಆದ್ದರಿಂದ ಸಹಾಯಕಿ ಪಕ್ಕದಲ್ಲಿ ನಿಂತು ಟೈಮರ್ ಹಾಕಬೇಕು. ನಂತರ ನೀರಿನಲ್ಲಿ ಬಾಯಿ ಮುಕ್ಕಳಿಸಲು ಬಿಡಬೇಡಿ. ಪೊವಿಡೋನ್ ಅಯೋಡಿನ್ ಬಳಸುವುದಾದರೆ 2%ನ ಗಾರ್ಗಲ್‌ಗೆ ಸಮಪಾಲು ನೀರು ಬೆರೆಸಿ 1% ಮಾಡಿಕೊಳ್ಳಿ. ಅಯೋಡಿನ್ ಅಲರ್ಜಿ, ಥೈರಾಯ್ಡ್ ತೊಂದರೆ ಇರುವವರಿಗೆ ಮತ್ತು ಗರ್ಭಿಣಿಯರಿಗೆ ಇದು ಬೇಡ.

ಫಿಲ್ಲಿಂಗ್, ರೂಟ್ ಕೆನಾಲ್‌ಗೆ ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಹಾಸುವ ರಬ್ಬರ್ ಹಾಳೆ) ಹಾಕಿ. ಎಂಜಲು ಡ್ರಿಲ್‌ಗೆ ಸಿಗದಿದ್ದರೆ ಹಾರುವುದೂ ಇಲ್ಲ. ಸ್ಕೇಲಿಂಗ್‌ಗೆ ಇದು ಆಗದು. ಅಲ್ಲಿ ಸ್ಕೇಲರ್‌ನ ಪವರ್ ಇಳಿಸಿ ಕೆಲಸ ಮಾಡಿ.

ಎರಡು ವಾರ ಅಥವಾ ಹೆಚ್ಚು ದಿನದಿಂದ ಕೆಮ್ಮುತ್ತಿರುವ ರೋಗಿ ಬಂದರೆ ತುರ್ತಲ್ಲದ ಕೆಲಸ ಮುಂದೂಡಿ, ಕಫ ಪರೀಕ್ಷೆಗೆ ಕಳಿಸಿ. ಮೌತ್‌ವಾಶ್ ಶ್ವಾಸಕೋಶದ ಕ್ಷಯವನ್ನು ಮುಟ್ಟುವುದಿಲ್ಲ.

## ಹಂತ 5: ಸಕ್ಷನ್

ಒಂದೇ ಒಂದು ಹಂತಕ್ಕೆ ಮಾತ್ರ ಹಣವಿದೆ ಎಂದಾದರೆ ಅದು ಇದಕ್ಕೇ ಹೋಗಲಿ. ಹೈ ವಾಲ್ಯೂಮ್ ಸಕ್ಷನ್ ಸರಿಯಾಗಿ ಹಿಡಿದರೆ ಏರೋಸಾಲ್‌ನ ಬಹುಪಾಲು ಕೋಣೆಗೆ ಬರುವ ಮೊದಲೇ ಒಳಹೋಗುತ್ತದೆ.

ಹೆಚ್ಚಿನ ಕ್ಲಿನಿಕ್‌ಗಳು ಎಡವುವುದು ‘ಎಳೆತ’ ಮತ್ತು ‘ಹರಿವು’ ಎರಡನ್ನೂ ಒಂದೇ ಎಂದುಕೊಂಡು. ಜಾರ್ ಇರುವ ಸರ್ಜಿಕಲ್ ಸಕ್ಷನ್ ಯಂತ್ರದ ಮುಳ್ಳು 600 ಎಂಎಂಎಚ್‌ಜಿ ತೋರಿಸುತ್ತದೆ, ಬಹಳ ಶಕ್ತಿ ಎನಿಸುತ್ತದೆ. ಆದರೆ ನಿಮಿಷಕ್ಕೆ ಅದು ಎಳೆಯುವ ಗಾಳಿ ಕೆಲವು ಹತ್ತು ಲೀಟರ್ ಅಷ್ಟೇ. ಏರೋಸಾಲ್ ಹಿಡಿಯಲು ಬೇಕಿರುವುದು ಗಾಳಿಯ ಹರಿವು: ಟಿಪ್‌ನ ಬಾಯಲ್ಲಿ ನಿಮಿಷಕ್ಕೆ ಸುಮಾರು 300 ಲೀಟರ್. ಕೊಳ್ಳುವಾಗ ಈ ಸಂಖ್ಯೆಯನ್ನು ಬರಹದಲ್ಲಿ ಕೇಳಿ. ಎಂಜಲು ಎಳೆಯುವ ತೆಳು ಪ್ಲಾಸ್ಟಿಕ್ ಇಜೆಕ್ಟರ್ ಬಾಯಿಯ ನೀರು ತೆಗೆಯಲು ಸಾಕು, ಏರೋಸಾಲ್‌ಗೆ ಸಾಲದು. ಅದರ ಸುತ್ತ ತುಟಿ ಮುಚ್ಚಲು ರೋಗಿಗೆ ಹೇಳಬೇಡಿ. ಕೊಳವೆಯಲ್ಲಿದ್ದದ್ದು ತಿರುಗಿ ಬಾಯಿಗೆ ಬರಬಹುದು.

1. ಟಿಪ್‌ನ ಬಾಯಿ 8 ಮಿ.ಮೀ.ಗಿಂತ ಕಡಿಮೆ ಇರದಿರಲಿ.
2. ಟಿಪ್ ಸ್ಕೇಲರ್‌ನ ತುದಿಯಿಂದ 1ರಿಂದ 2 ಸೆಂ.ಮೀ. ಒಳಗಿರಲಿ. ಓರೆ ಕತ್ತರಿಸಿದ ಮುಖ ಹಲ್ಲಿನ ಕಡೆಗಿರಲಿ.
3. ಸಕ್ಷನ್ ಮೊದಲು ಶುರು, ಸ್ಕೇಲರ್ ಆಮೇಲೆ. ನಿಲ್ಲಿಸುವಾಗ ಸ್ಕೇಲರ್ ಮೊದಲು, ಕೆಲವು ಸೆಕೆಂಡ್ ಬಿಟ್ಟು ಸಕ್ಷನ್.
4. ಹಿಡಿಯುವ ಕೈ ಸಹಾಯಕರದ್ದಾಗಲಿ. ವೈದ್ಯರೊಬ್ಬರೇ ಕನ್ನಡಿ, ಸ್ಕೇಲರ್, ಸಕ್ಷನ್ ಮೂರನ್ನೂ ನಿಭಾಯಿಸುವಾಗ ಮೊದಲು ದೂರ ಸರಿಯುವುದು ಸಕ್ಷನ್ನೇ.

ಕಲಿಸಲು ಸುಲಭ ದಾರಿಯಿದೆ. ಸ್ಕೇಲರ್‌ನ ಬಾಟಲಿಗೆ ಕೆಲವು ಹನಿ ನೀಲಿ ಫುಡ್ ಕಲರ್ ಹಾಕಿ, ಟೈಪೊಡಾಂಟ್ (ಕೃತಕ ಹಲ್ಲುಗಳ ಮಾದರಿ) ಮೇಲೆ ಎರಡು ನಿಮಿಷ ಓಡಿಸಿ, ಸುತ್ತ ಬಿಳಿ ಕಾಗದ ಹಾಸಿ. ಸಕ್ಷನ್ ಇಲ್ಲದೆ ಒಮ್ಮೆ, 1 ಸೆಂ.ಮೀ.ನಲ್ಲಿ ಹಿಡಿದು ಒಮ್ಮೆ, 5 ಸೆಂ.ಮೀ.ನಲ್ಲಿ ಹಿಡಿದು ಒಮ್ಮೆ. ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ. ನೆನಪಿರಲಿ, ಕಾಗದದಲ್ಲಿ ಕಾಣುವುದು ದೊಡ್ಡ ಹನಿ ಮಾತ್ರ. ತೇಲುವ ಕಣಗಳ ಕುರುಹು ಅದರಲ್ಲಿಲ್ಲ.

ಹರಿವು ಕುಗ್ಗಿದರೆ ಈ ಕ್ರಮದಲ್ಲಿ ಹುಡುಕಿ: ಫಿಲ್ಟರ್ ಜಾಲರಿಯಲ್ಲಿ ಆಲ್ಜಿನೇಟ್ (ಹಲ್ಲಿನ ಅಚ್ಚು ತೆಗೆಯುವ ವಸ್ತು) ಚೂರು, ಹೆಪ್ಪುಗಟ್ಟಿದ ರಕ್ತ, ಅರ್ಧ ತೆರೆದ ವಾಲ್ವ್, ಬಿರುಕು ಬಿಟ್ಟ ಹೋಸ್, ಒಂದೇ ಮೋಟರ್‌ಗೆ ಜೋಡಿಸಿದ ಎರಡನೇ ಚೇರ್. ದಿನದ ಕೊನೆಗೆ ಒಂದು ಲೀಟರ್ ನೀರು ಎಳೆಸಿ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದಿಡಿ. ಆ ಸಂಖ್ಯೆ ಏರತೊಡಗಿದರೆ ಎಲ್ಲೋ ಕಟ್ಟಿಕೊಂಡಿದೆ.

ಇನ್ನೊಂದು ಮುಖ್ಯ ಸಂಗತಿ: ಸಕ್ಷನ್ ಮೋಟರ್ ತಾನು ಎಳೆದ ಗಾಳಿಯನ್ನು ಎಲ್ಲಿಗೆ ಬಿಡುತ್ತಿದೆ? ಸಿಂಕ್ ಕೆಳಗಿನ ಕಪಾಟಿನಲ್ಲಿ ಮೋಟರ್ ಇದ್ದು, ಅದರ ಹೊರಗಾಳಿ ಅಲ್ಲೇ ಬಿಡುಗಡೆಯಾಗುತ್ತಿದ್ದರೆ ಬಾಯಿಂದ ಎಳೆದದ್ದನ್ನು ಕೋಣೆಗೇ ಹಂಚಿದಂತಾಯಿತು. ಪೈಪ್ ಹಾಕಿಸಿ ಕಟ್ಟಡದ ಹೊರಗೆ, ಜನರ ಓಡಾಟವಿಲ್ಲದ ಕಡೆ ಬಿಡಿ.

## ಹಂತ 6: ಕೋಣೆಯ ಗಾಳಿ

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿ ಬಿಡುತ್ತದೆ. ಕಾಂಪ್ಲೆಕ್ಸ್‌ನ ಅಂಗಡಿ ಮಳಿಗೆಯಲ್ಲಿ, ಹಿಂಬದಿ ಕಿಟಕಿಯೇ ಇಲ್ಲದ ಕ್ಲಿನಿಕ್‌ಗಳಿಗೆ ಇದೇ ಮುಖ್ಯ ತೊಡಕು.

ಲೆಕ್ಕ ಹೀಗೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಎಂದರೆ 1,200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಗಂಟೆಗೆ 12 ಸಲ ಗಾಳಿ ಬದಲಾಗಬೇಕಾದರೆ ಗಂಟೆಗೆ 408 ಘನ ಮೀಟರ್ ಗಾಳಿ ಹೊರಹೋಗಬೇಕು. ಎಕ್ಸಾಸ್ಟ್ ಫ್ಯಾನ್‌ನ ಡಬ್ಬದ ಮೇಲಿನ ಸಂಖ್ಯೆ ಯಾವ ಅಡ್ಡಿಯೂ ಇಲ್ಲದಾಗಿನದ್ದು. ಜಾಲರಿ, ಶಟರ್, ಪೈಪಿನ ತಿರುವು ಸೇರಿದರೆ ಅರ್ಧ ಸಿಕ್ಕರೆ ಪುಣ್ಯ. ಹಾಗಾಗಿ 800ರ ಮೇಲಿನದ್ದನ್ನೇ ಕೊಳ್ಳಿ.

ಕೋಣೆಯ ಗಾಳಿ ಚೆನ್ನಾಗಿ ಬೆರೆಯುತ್ತಿದ್ದರೆ, ಗಂಟೆಗೆ 6 ಸಲ ಬದಲಾದಾಗ 99% ಕಣಗಳು ಹೋಗಲು 46 ನಿಮಿಷ ಬೇಕು. 12 ಸಲವಾದರೆ 23 ನಿಮಿಷ. ಇಬ್ಬರು ರೋಗಿಗಳ ನಡುವೆ ಎಷ್ಟು ಬಿಡುವು ಬೇಕೆಂದು ನಿರ್ಧರಿಸುವುದು ಇದೇ ಅಂಕಿ.

ಫ್ಯಾನ್ ಕೂರಿಸುವ ಜಾಗ ಅದರ ಸಾಮರ್ಥ್ಯದಷ್ಟೇ ಮುಖ್ಯ. ಗಾಳಿ ರಿಸೆಪ್ಷನ್‌ನಿಂದ ಚಿಕಿತ್ಸಾ ಕೋಣೆಗೆ, ಅಲ್ಲಿಂದ ಹೊರಕ್ಕೆ ಹೋಗಬೇಕು. ಎಕ್ಸಾಸ್ಟ್ ಬಾಗಿಲ ಎದುರಿನ ಗೋಡೆಯಲ್ಲಿರಲಿ. ಬಾಗಿಲ ಪಕ್ಕದಲ್ಲೇ ಇದ್ದರೆ ಬಂದ ಗಾಳಿ ಕೋಣೆ ಸುತ್ತದೆ ಹೊರಬೀಳುತ್ತದೆ. ಬಾಗಿಲ ಕೆಳಗೆ ಸಂದು ಅಥವಾ ಲೂವರ್ ಇರಲಿ; ಒಳಬರುವ ದಾರಿ ಇಲ್ಲದಿದ್ದರೆ ಫ್ಯಾನ್ ಸದ್ದು ಮಾಡುತ್ತದೆಯೇ ವಿನಾ ಗಾಳಿ ಚಲಿಸದು. ಊದುಬತ್ತಿ ಹಚ್ಚಿ ಬಾಗಿಲ ಸಂದಿನಲ್ಲಿ, ರೋಗಿಯ ತಲೆಯ ಬಳಿ, ಫ್ಯಾನ್ ಎದುರು ಹಿಡಿದು ನೋಡಿ. ರೋಗಿಯ ತಲೆಯ ಬಳಿಯ ಹೊಗೆ ವೈದ್ಯರ ಮುಖದತ್ತ ಬಂದರೆ ಚೇರಿನ ದಿಕ್ಕನ್ನೋ ಫ್ಯಾನ್‌ನ ಜಾಗವನ್ನೋ ಬದಲಿಸಬೇಕು.

ಸ್ಕೇಲಿಂಗ್ ವೇಳೆ ಸೀಲಿಂಗ್ ಫ್ಯಾನ್ ಬೇಡ. ಎಸಿಯ ಗಾಳಿ ರೋಗಿಯ ಮುಖಕ್ಕೆ ನೇರ ಹೊಡೆಯದಿರಲಿ, ಅದರ ಜಾಲರಿಯನ್ನು ಎರಡು ವಾರಕ್ಕೊಮ್ಮೆ ತೊಳೆಯಿರಿ. ತಂಪು ಹೊರಗೆ ಹೋಗುತ್ತದೆ, ಕರೆಂಟ್ ಬಿಲ್ ಏರುತ್ತದೆ ಎಂಬ ಚಿಂತೆ ನಿಜವೇ. ಏರೋಸಾಲ್ ಏಳುವ ಕೆಲಸದ ಹೊತ್ತು ಮತ್ತು ನಂತರದ 23 ನಿಮಿಷ ಪೂರ್ಣ ವೇಗ, ಉಳಿದ ಹೊತ್ತು ಕಡಿಮೆ ವೇಗ, ಹೀಗೆ ಹೊಂದಿಸಿಕೊಳ್ಳಬಹುದು.

ಕಾರ್ಬನ್ ಡೈಆಕ್ಸೈಡ್ ಮೀಟರ್ ಕುಳಿತವರ ಎತ್ತರದಲ್ಲಿ, ಉಸಿರು ನೇರ ತಾಕದ ಕಡೆ ಇಡಿ. 800 ಪಿಪಿಎಂ ದಾಟದಿರುವುದು ಒಳ್ಳೆಯದು. 1,000 ದಾಟಿ ನಿಂತಿದ್ದರೆ ಬೇರೆಯವರು ಬಿಟ್ಟ ಉಸಿರನ್ನೇ ಎಲ್ಲರೂ ಎಳೆಯುತ್ತಿದ್ದೀರಿ.

## ಹಂತ 7: ಯಂತ್ರಗಳು

ಹೊರಗಾಳಿ ಸಾಲದ ಕೋಣೆಗೆ ಹೆಪಾ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರ್) ಪ್ಯೂರಿಫೈಯರ್ ಒಳ್ಳೆಯ ಪೂರಕ. ಸಿಎಡಿಆರ್, ಅಂದರೆ ಯಂತ್ರ ಗಂಟೆಗೆ ಕೊಡುವ ಶುದ್ಧ ಗಾಳಿಯ ಪ್ರಮಾಣ, ನೋಡಿ: 34 ಘನ ಮೀಟರ್ ಕೋಣೆಗೆ ಗಂಟೆಗೆ 200 ಘನ ಮೀಟರ್‌ನ ಯಂತ್ರ ಸುಮಾರು 6 ಸಲ ಬದಲಾದಷ್ಟು ಕೆಲಸ ಮಾಡುತ್ತದೆ, ಅದೂ ಗರಿಷ್ಠ ವೇಗದಲ್ಲಿ. ಸದ್ದಾಗುತ್ತದೆಂದು ಸ್ಲೀಪ್ ಮೋಡ್‌ಗೆ ಹಾಕಿದರೆ ಆ ಲೆಕ್ಕ ನಿಲ್ಲದು. ‘ಹೆಪಾ ಟೈಪ್’ ಬೇಡ, ಎಚ್13 ದರ್ಜೆಯ ಫಿಲ್ಟರ್ ಇರಲಿ. ಓಝೋನ್ ಬಿಡುವ ಅಯೊನೈಸರ್ ಬೇಡವೇ ಬೇಡ. ಪ್ಯೂರಿಫೈಯರ್ ಇದ್ದರೂ ಕಾರ್ಬನ್ ಡೈಆಕ್ಸೈಡ್ ಮೀಟರ್ ಇಳಿಯುವುದಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ.

254 ನ್ಯಾನೊಮೀಟರ್‌ನ ಯುವಿ ದೀಪ ತನಗೆ ನೇರ ಕಂಡದ್ದನ್ನಷ್ಟೇ ಕೊಲ್ಲುತ್ತದೆ. ನೆರಳಲ್ಲಿ ಏನೂ ಆಗದು, ಟ್ಯೂಬಿನ ಮೇಲೆ ಧೂಳಿದ್ದರೂ ಆಗದು. ಜನರಿರುವಾಗ ಹಚ್ಚಿದರೆ ಕಣ್ಣು, ಚರ್ಮ ಸುಡುತ್ತದೆ. ರಾತ್ರಿ ಹಚ್ಚಿದ ಯುವಿ, ಸಂಜೆ ಮಾಡಿದ ಫಾಗಿಂಗ್, ಎರಡೂ ಮರುದಿನ 10 ಗಂಟೆಯ ಸ್ಕೇಲಿಂಗ್‌ನಿಂದ ಏಳುವ ಏರೋಸಾಲ್‌ಗೆ ಏನೂ ಮಾಡಲಾರವು. ಫಾರ್ಮಲಿನ್ ಹೊಗೆ ಹಾಕುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ.

## ಹಂತ 8: ಇಬ್ಬರು ರೋಗಿಗಳ ನಡುವೆ

1. ಸ್ಕೇಲರ್ ನಿಲ್ಲಿಸಿದ ಕೂಡಲೇ ಮಾಸ್ಕ್ ಇಳಿಸಬೇಡಿ. ಗಾಳಿಯಲ್ಲಿ ಕಣಗಳು ಇನ್ನೂ ತೇಲುತ್ತಿರುತ್ತವೆ. ಎನ್95 ಅಥವಾ ಐಎಸ್ 9473ರ ಎಫ್‌ಎಫ್‌ಪಿ2 ಮಾಸ್ಕ್ ಅನ್ನು ಕೋಣೆಯ ಹೊರಗೆ ಬಂದ ಮೇಲೆ ತೆಗೆಯಿರಿ.
2. ರೋಗಿಯನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಎಕ್ಸಾಸ್ಟ್ ಓಡಿಸಿ.
3. ಲೆಕ್ಕದ ನಿಮಿಷಗಳು ಮುಗಿದ ಮೇಲೆ ಒರೆಸಿ. ಮೊದಲೇ ಒರೆಸಿದರೆ ಒರೆಸಿದ ಟ್ರೇ ಮೇಲೆ ಮತ್ತೆ ಕಣಗಳು ಕೂರುತ್ತವೆ.
4. ದೀಪದಿಂದ ಕೆಳಕ್ಕೆ ಬನ್ನಿ: ದೀಪ, ಟ್ರೇ, ಚೇರ್, ಸ್ಪಿಟೂನ್, ಕಡೆಗೆ ನೆಲ. ನೆಲಕ್ಕೆ ಪೊರಕೆ ಬೇಡ, ಒದ್ದೆ ಮಾಪ್ ಮಾತ್ರ. ಪೊರಕೆ ಬಿದ್ದದ್ದನ್ನೆಲ್ಲ ಮತ್ತೆ ಗಾಳಿಗೆ ಎಬ್ಬಿಸುತ್ತದೆ.

## ಹಂತ 9: ಮತ್ತೆ ಅಳೆಯಿರಿ

ಒಂದು ಬದಲಾವಣೆ, ಎರಡು ವಾರ, ಒಂದು ಸುತ್ತು ಪ್ಲೇಟ್. ಎಲ್ಲವನ್ನೂ ಒಂದೇ ವಾರ ಬದಲಿಸಿದರೆ ಯಾವುದು ಫಲ ಕೊಟ್ಟಿತು ಎಂದು ಗೊತ್ತಾಗದೆ, ಮುಂದೆ ಹಣ ಸಾಲದಾದಾಗ ಬೇಕಾದದ್ದನ್ನೇ ಕೈಬಿಡುವ ಸಂಭವವಿದೆ. ಸ್ಥಿರವಾದ ಮೇಲೆ ಗಾಳಿಯನ್ನು ಮತ್ತು ನೀರನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿದರೆ ಸಾಕು.

ಬೆಳಗಿನ ಖಾಲಿ ಕೋಣೆಯ ಸಂಖ್ಯೆಯೇ ಹೆಚ್ಚಿದ್ದರೆ ದೋಷ ಧೂಳು, ತೇವ ಅಥವಾ ಎಸಿಯದ್ದು. ಬೆಳಗ್ಗೆ ಕಡಿಮೆಯಿದ್ದು ಸ್ಕೇಲಿಂಗ್ ವೇಳೆ ಜಿಗಿದರೆ ನೀರು, ಸಕ್ಷನ್‌ಗೆ ಮರಳಿ. ಸ್ಕೇಲಿಂಗ್ ವೇಳೆಯ ಸಂಖ್ಯೆಯೇ 30 ನಿಮಿಷದ ನಂತರವೂ ಹಾಗೇ ಇದ್ದರೆ ಗಾಳಿ ಹೊರಹೋಗುತ್ತಿಲ್ಲ. ರಿಸೆಪ್ಷನ್‌ನ ಪ್ಲೇಟ್ ಕೂಡ ಜೊತೆಗೇ ಏರಿದರೆ ಗಾಳಿ ಉಲ್ಟಾ ಹರಿಯುತ್ತಿದೆ.

ಪ್ಲೇಟ್ ಇಡದ ದಿನಗಳಲ್ಲೂ ಕೆಲವು ಸೂಚನೆಗಳು ಕಣ್ಣಿಗೆ ಬೀಳುತ್ತವೆ: ನೀರಿನ ಬಾಟಲಿಯ ಒಳಗೆ ಬೆರಳಿಗೆ ಜಾರುವ ಲೋಳೆ, ಸೋಮವಾರ ಬೆಳಗಿನ ಮೊದಲ ನೀರಿಗೆ ಮುಗ್ಗಲು ವಾಸನೆ, ಕಂಪ್ರೆಸರ್‌ನಿಂದ ಕಂದು ನೀರು, ಒಂದೇ ರೋಗಿಯ ನಂತರ ದೀಪದ ಗಾಜಿನ ತುಂಬ ಚುಕ್ಕೆ, ಎಸಿ ಹಾಕಿದ ಕ್ಷಣ ಸೀನುವ ಸಿಬ್ಬಂದಿ. ಇವುಗಳಲ್ಲಿ ಒಂದು ಕಂಡರೂ ಮೂರು ತಿಂಗಳು ಕಾಯದೆ, ಆಯಾ ಹಂತಕ್ಕೆ ಅಂದೇ ಹಿಂದಿರುಗಿ.